ಹೊಗೆಯ ಲೆಕ್ಕ, ಹಣದ ಲೆಕ್ಕ: ಕಡೇಚೂರಿನಿಂದ ನೋಡಿದಾಗ

ಯಾದಗಿರಿ ಜಿಲ್ಲೆಯ ಕಡೇಚೂರು, ಬಾಡಿಯಾಳ ಗ್ರಾಮಗಳ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆ ಜಮೀನನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಸ್ವಾಧೀನಪಡಿಸಿಕೊಂಡು ಒಂದು ದಶಕ ದಾಟಿದೆ. ರೈಲ್ವೆಯ ಬೋಗಿ ಕಾರ್ಖಾನೆ ಬಂತು. ಔಷಧ ಮತ್ತು ರಾಸಾಯನಿಕ ಘಟಕಗಳು ಒಂದೊಂದಾಗಿ ಬಂದವು. ತೊಗರಿ, ಹತ್ತಿ ಬೆಳೆಯುತ್ತಿದ್ದ ಹೊಲ ಬಿಟ್ಟುಕೊಟ್ಟವರು, ಇನ್ನು ಮಕ್ಕಳಿಗೆ ಊರಲ್ಲೇ ಕೆಲಸ ಸಿಗುತ್ತದೆ, ಬೆಂಗಳೂರು, ಹೈದರಾಬಾದ್, ಮುಂಬೈಗೆ ಗುಳೆ ಹೋಗುವುದು ತಪ್ಪುತ್ತದೆ ಎಂದು ನಂಬಿದ್ದರು. ಆದರೆ ಕಡೇಚೂರು, ಸೈದಾಪುರ ಭಾಗದ ಜನ ಈಗ ದುರ್ವಾಸನೆ ಮತ್ತು ತ್ಯಾಜ್ಯದ ಬಗ್ಗೆ ದೂರು ಕೊಡುತ್ತ, ಪ್ರತಿಭಟನೆ ಮಾಡುತ್ತ ಬಂದಿದ್ದಾರೆ.

ಇದೇ ಅವಧಿಯಲ್ಲಿ ದೊಡ್ಡ ಕಂಪನಿಗಳ ಜಗತ್ತಿನಲ್ಲಿ ಬೇರೊಂದು ಮಾತು ಬಲಗೊಂಡಿತು. ಇಂಗಾಲ ತಟಸ್ಥವಾಗುವ ಕಂಪನಿಗೆ ಸಾಲ ಅಗ್ಗವಾಗುತ್ತದೆ, ಹೂಡಿಕೆದಾರರು ಹುಡುಕಿಕೊಂಡು ಬರುತ್ತಾರೆ, ಷೇರಿನ ಬೆಲೆ ಏರುತ್ತದೆ. ಇದನ್ನೆಲ್ಲ ಸಾಧ್ಯವಾಗಿಸುವುದು ಹಣಕಾಸು ತಂತ್ರಜ್ಞಾನ, ಅಂದರೆ ಫಿನ್‌ಟೆಕ್ ಎಂಬ ಮಾತು. ಇದರಲ್ಲಿ ಎಷ್ಟು ನಿಜವಿದೆ? ಫಿನ್‌ಟೆಕ್ ಯಾವ ಕೆಲಸ ಮಾಡುತ್ತದೆ, ಯಾವುದನ್ನು ಮಾಡಲಾರದು? ಕಡೇಚೂರಿನಂಥ ಜಾಗಕ್ಕೆ ಅದರಿಂದ ಏನಾದರೂ ಸಿಗುತ್ತದೆಯೇ?

ಮೂರು ಸುತ್ತಿನ ಲೆಕ್ಕ

ಒಂದು ಕಂಪನಿಯ ಇಂಗಾಲದ ಲೆಕ್ಕ ಮೂರು ಸುತ್ತುಗಳಲ್ಲಿ ನಡೆಯುತ್ತದೆ. ಕಾರ್ಖಾನೆಯ ಬಾಯ್ಲರ್, ಕುಲುಮೆ, ಜನರೇಟರ್‌ಗಳಲ್ಲಿ ನೇರವಾಗಿ ಉರಿದದ್ದು ಮೊದಲನೆಯದು. ಖರೀದಿಸಿದ ವಿದ್ಯುತ್ತಿನ ಹಿಂದಿರುವ ಹೊಗೆ ಎರಡನೆಯದು. ಕಚ್ಚಾ ಸಾಮಗ್ರಿ ಪೂರೈಸುವವರಿಂದ ಹಿಡಿದು ಸರಕು ಸಾಗಣೆಯವರೆಗಿನ ಉಳಿದೆಲ್ಲವೂ ಮೂರನೆಯದು. ಇದನ್ನೆಲ್ಲ ಆದಷ್ಟು ಕಡಿಮೆ ಮಾಡಿ, ಉಳಿದದ್ದಕ್ಕೆ ಬೇರೆಡೆ ಆದ ಕಡಿತವನ್ನು ಕಾರ್ಬನ್ ಕ್ರೆಡಿಟ್ ರೂಪದಲ್ಲಿ ಸರಿದೂಗಿಸಿದರೆ ಕಂಪನಿ ‘ಇಂಗಾಲ ತಟಸ್ಥ’ ಎನಿಸಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಈ ದಾರಿಯಲ್ಲಿ ಮೊದಲು ನಡೆದ ದೊಡ್ಡ ಹೆಸರು ಇನ್ಫೊಸಿಸ್. 2011ರಲ್ಲಿ ಗುರಿ ಪ್ರಕಟಿಸಿ, 2020ರಲ್ಲಿ ತಲುಪಿದ್ದಾಗಿ ಘೋಷಿಸಿತು. ಕಟ್ಟಡಗಳ ವಿದ್ಯುತ್ ಬಳಕೆ ತಗ್ಗಿಸಿತು, ಸೌರ ವಿದ್ಯುತ್ತಿಗೆ ಹಣ ಹಾಕಿತು, ಉಳಿದ ಭಾಗಕ್ಕೆ ಹಳ್ಳಿಯ ಮನೆಗಳ ಬಯೊಗ್ಯಾಸ್ ಮತ್ತು ಸುಧಾರಿತ ಒಲೆಗಳ ಯೋಜನೆಗಳನ್ನು ನಡೆಸಿತು. 2019ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಪ್ರಶಸ್ತಿಯೂ ಬಂತು. ಆದರೆ ಸಾಫ್ಟ್‌ವೇರ್ ಕಂಪನಿಯ ಹೊಗೆಯಲ್ಲಿ ದೊಡ್ಡ ಪಾಲು ವಿದ್ಯುತ್ತಿನದು. ವಿದ್ಯುತ್ತಿನ ಮೂಲ ಬದಲಿಸಿದರೆ ಲೆಕ್ಕ ಬಹುಪಾಲು ಬದಲಾಗುತ್ತದೆ.

ಔಷಧ ಕಾರ್ಖಾನೆಯ ಲೆಕ್ಕ ಹಾಗಲ್ಲ. ವರ್ಷಕ್ಕೆ 10 ಲಕ್ಷ ಯುನಿಟ್ ವಿದ್ಯುತ್ ಬಳಸಿ, ಬಾಯ್ಲರ್‌ಗೆ 2,000 ಟನ್ ಕಲ್ಲಿದ್ದಲು ಉರಿಸುವ ಮಧ್ಯಮ ಗಾತ್ರದ ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ನಮ್ಮ ಗ್ರಿಡ್‌ನ ಪ್ರತಿ ಸಾವಿರ ಯುನಿಟ್ಟಿಗೆ ಸುಮಾರು 0.7 ಟನ್ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ವಿದ್ಯುತ್ತಿನ ಪಾಲು 700 ಟನ್. ಕಲ್ಲಿದ್ದಲಿನದು 3,000 ಟನ್ನಿಗೂ ಹೆಚ್ಚು. ಚಾವಣಿಯ ಮೇಲೆ ಸೌರ ಫಲಕ ಹಾಕಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಹೊಗೆ ಇರುವುದು ಬಾಯ್ಲರ್‌ನಲ್ಲಿ. ಬಾಯ್ಲರ್ ಬದಲಿಸಲು ಬಂಡವಾಳ ಬೇಕು. ಹಣಕಾಸಿನ ಪ್ರಶ್ನೆ ಹುಟ್ಟುವುದು ಇಲ್ಲೇ.

ಅಳತೆಗೆ ಬಂದ ಕಾನೂನು

ಸಾಲ ಕೊಡುವವನಿಗೆ ನಂಬಿಕೆ ಬರಬೇಕಾದರೆ ಅಳತೆ ಬೇಕು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ, ಕಂಪನಿಗಳು ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಯ ಲೆಕ್ಕ ಕೊಡಬೇಕಾದ ಬಿಆರ್‌ಎಸ್‌ಆರ್ ಎಂಬ ವರದಿಯ ನಮೂನೆಯನ್ನು 2021ರ ಮೇ ತಿಂಗಳಲ್ಲಿ ತಂದಿತು. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ ಅದು ಕಡ್ಡಾಯ. 2023ರ ಜುಲೈನಲ್ಲಿ, ಹೊರಗಿನವರು ಪರಿಶೀಲಿಸಬೇಕಾದ ಮುಖ್ಯ ಸೂಚ್ಯಂಕಗಳ ‘ಕೋರ್’ ಪಟ್ಟಿ ಬಂತು. ಮೊದಲ 150 ಕಂಪನಿಗಳಿಂದ ಶುರುವಾಗಿ ಹಂತಹಂತವಾಗಿ ಉಳಿದವುಗಳಿಗೆ ವಿಸ್ತರಿಸುವ ವ್ಯವಸ್ಥೆ ಅದು. ಪೂರೈಕೆದಾರರ ಮಾಹಿತಿಯನ್ನೂ ಕೇಳಬೇಕೆಂದಿದ್ದ ಭಾಗವನ್ನು ಆಮೇಲೆ ಐಚ್ಛಿಕಗೊಳಿಸಲಾಯಿತು.

ತಂತ್ರಜ್ಞಾನ ಇಲ್ಲಿ ಮಾಡುವ ಕೆಲಸ ಸರಳ, ಆದರೆ ದೊಡ್ಡದು. ವಿದ್ಯುತ್ ಬಿಲ್, ಇಂಧನದ ಇನ್‌ವಾಯ್ಸ್, ಸಾಗಣೆಯ ಇ-ವೇ ಬಿಲ್, ಜಿಎಸ್‌ಟಿ ಲೆಕ್ಕ ಇವೆಲ್ಲ ಈಗ ಡಿಜಿಟಲ್ ರೂಪದಲ್ಲೇ ಇವೆ. ಅವನ್ನು ಜೋಡಿಸಿದರೆ ಕಾರ್ಖಾನೆ ತಿಂಗಳಿಗೆ ಎಷ್ಟು ಕಲ್ಲಿದ್ದಲು ತರಿಸಿತು, ವಿದ್ಯುತ್ ಪೂರೈಸುವ ಜೆಸ್ಕಾಂನಿಂದ ಎಷ್ಟು ಯುನಿಟ್ ಪಡೆಯಿತು ಎಂಬುದು ಸಲಹೆಗಾರನ ಅಂದಾಜಿಲ್ಲದೆ ತಾನಾಗಿ ಹೊರಬೀಳುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಉದ್ಯಮಿ ತನ್ನ ಒಪ್ಪಿಗೆ ಕೊಟ್ಟು ಬ್ಯಾಂಕ್ ಖಾತೆಯ ಮಾಹಿತಿಯನ್ನು ಸಾಲದಾತನಿಗೆ ತೋರಿಸಬಹುದು. ಹಣದ ಮಾಹಿತಿಗೆ ಇಂಥ ದಾರಿ ಇದೆ ಎಂದಮೇಲೆ ಇಂಧನದ ಮಾಹಿತಿಗೂ ಅದನ್ನು ಮಾಡಬಹುದು.

ಹೊಗೆಯನ್ನು ಚಿಮಣಿಯಲ್ಲೇ ಅಳೆಯುವ ಏರ್ಪಾಡು ಇದಕ್ಕೂ ಹಳೆಯದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ಯಮಗಳಿಗೆ, ಚಿಮಣಿ ಮತ್ತು ತ್ಯಾಜ್ಯ ನೀರಿನ ಕೊಳವೆಗೆ ನಿರಂತರ ಅಳತೆಯ ಉಪಕರಣ ಕೂರಿಸಿ, ಅಂಕಿಗಳನ್ನು ಆನ್‌ಲೈನ್‌ನಲ್ಲಿ ಕಳಿಸಬೇಕೆಂದು ಸೂಚಿಸಿತು. ಔಷಧ ತಯಾರಿಕೆ ಆ ಪಟ್ಟಿಯಲ್ಲಿದೆ. ಹೀಗೆ ಒಂದು ಕಡೆ ಮಂಡಳಿಯ ಸರ್ವರ್‌ಗೆ ಹೊಗೆಯ ಅಂಕಿ ಹೋಗುತ್ತದೆ, ಇನ್ನೊಂದು ಕಡೆ ಬ್ಯಾಂಕಿನ ಸರ್ವರ್‌ಗೆ ಹಣದ ಅಂಕಿ ಹೋಗುತ್ತದೆ. ಎರಡಕ್ಕೂ ಪರಸ್ಪರ ಪರಿಚಯವಿಲ್ಲ.

ಮಳಖೇಡದಿಂದ ಸಿಂಗಪುರದವರೆಗೆ

ಹೊಗೆಯ ಅಂಕಿ ಮತ್ತು ಸಾಲದ ಬಡ್ಡಿ ಒಂದೇ ಕಾಗದದ ಮೇಲೆ ಕೂತ ಉದಾಹರಣೆ ಯಾದಗಿರಿಯ ನೆರೆಯಲ್ಲೇ ಇದೆ. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಸುಣ್ಣಕಲ್ಲಿನ ಪಟ್ಟಿ, ಸಿಮೆಂಟಿನ ಪಟ್ಟಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿರುವ ರಾಜಶ್ರೀ ಸಿಮೆಂಟ್ ಕಾರ್ಖಾನೆ ಅಲ್ಟ್ರಾಟೆಕ್ ಕಂಪನಿಯದು. 2021ರ ಫೆಬ್ರುವರಿಯಲ್ಲಿ ಅಲ್ಟ್ರಾಟೆಕ್ 40 ಕೋಟಿ ಡಾಲರ್‌ನ ಹತ್ತು ವರ್ಷದ ಬಾಂಡನ್ನು ಶೇ 2.80ರ ಬಡ್ಡಿಗೆ ಹೊರತಂದಿತು. ಭಾರತದ ಕಂಪನಿಯೊಂದು ತಂದ ಮೊದಲ ಸುಸ್ಥಿರತೆಗೆ ಜೋಡಿಸಿದ ಬಾಂಡ್ ಅದು. ಪ್ರತಿ ಟನ್ ಸಿಮೆಂಟ್ ಸಾಮಗ್ರಿಗೆ ಹೊರಬೀಳುವ ನೇರ ಇಂಗಾಲವನ್ನು 2017ರ ಮಟ್ಟದಿಂದ 2030ರ ಹೊತ್ತಿಗೆ ಶೇ 22.2ರಷ್ಟು ಇಳಿಸಬೇಕು, ಇಳಿಸದಿದ್ದರೆ ಕಂಪನಿ ಹೆಚ್ಚು ಬಡ್ಡಿ ಕಟ್ಟಬೇಕು.

ಈ ಗುರಿ ಹಗುರವಲ್ಲ. ಸುಣ್ಣಕಲ್ಲು ಕಾಯಿಸಿ ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಮಾಡುವಾಗ ಹೊರಡುವ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನಿಂದಲೇ ಬರುತ್ತದೆ, ಇಂಧನದಿಂದಲ್ಲ. ಹಾಗಾಗಿ ಕ್ಲಿಂಕರ್ ಕಡಿಮೆ ಮಾಡಿ ಹಾರುಬೂದಿ ಬೆರೆಸಬೇಕು, ಕುಲುಮೆಯ ವ್ಯರ್ಥ ಶಾಖದಿಂದ ವಿದ್ಯುತ್ ತೆಗೆಯಬೇಕು, ಕಲ್ಲಿದ್ದಲಿನ ಜಾಗದಲ್ಲಿ ಬೇರೆ ಇಂಧನ ತರಬೇಕು. ಕುಲುಮೆಯ ಮುಂದೆ ನಿಂತ ಕೆಲಸಗಾರ ಮಾಡುವ ಒಂದೊಂದು ಬದಲಾವಣೆಯೂ ಸಿಂಗಪುರ, ಲಂಡನ್‌ನ ಸಾಲದಾತನಿಗೆ ತಲುಪುವ ಒಂದು ಅಂಕಿಯಲ್ಲಿ ಸೇರುತ್ತದೆ. ಅದನ್ನು ಸಾಗಿಸುವುದು, ಪರಿಶೀಲಿಸುವುದು, ಬಡ್ಡಿಗೆ ಗಂಟು ಹಾಕುವುದು ಹಣಕಾಸು ತಂತ್ರಜ್ಞಾನದ ಕೆಲಸ. ಹಾಂಗ್‌ಕಾಂಗ್ ಸರ್ಕಾರ 2023ರ ಫೆಬ್ರುವರಿಯಲ್ಲಿ 80 ಕೋಟಿ ಹಾಂಗ್‌ಕಾಂಗ್ ಡಾಲರ್‌ನ ಹಸಿರು ಬಾಂಡನ್ನು, ಅಂದರೆ ಪರಿಸರಸ್ನೇಹಿ ಯೋಜನೆಗಳಿಗೆಂದೇ ಎತ್ತುವ ಸಾಲವನ್ನು, ಬ್ಲಾಕ್‌ಚೈನ್ ಎಂಬ ಹಂಚಿದ ಡಿಜಿಟಲ್ ದಾಖಲೆಯ ಮೇಲೆ ಟೋಕನ್ ರೂಪದಲ್ಲಿ ತಂದದ್ದು ಇದೇ ದಾರಿಯ ಮುಂದಿನ ಹೆಜ್ಜೆ. ಬ್ಲಾಕ್‌ಚೈನ್ ತಾನೇ ವಿದ್ಯುತ್ ನುಂಗುತ್ತದೆ ಎಂಬ ಆಕ್ಷೇಪಕ್ಕೂ ಒಂದು ಉತ್ತರ ಸಿಕ್ಕಿದೆ: 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ದೊಡ್ಡ ಬ್ಲಾಕ್‌ಚೈನ್ ತನ್ನ ವಿಧಾನ ಬದಲಿಸಿ ವಿದ್ಯುತ್ ಬಳಕೆಯನ್ನು ಶೇ 99ಕ್ಕೂ ಹೆಚ್ಚು ಇಳಿಸಿತು.

ಸಣ್ಣವರಿಗೆ ಬೇಕಿರುವುದು ಸಾಲದ ಬಾಗಿಲು

ಭಾರತ ಸರ್ಕಾರ 2023ರ ಜನವರಿಯಲ್ಲಿ ಮೊದಲ ಬಾರಿಗೆ ಹಸಿರು ಬಾಂಡ್ ಹರಾಜು ಹಾಕಿ 8,000 ಕೋಟಿ ರೂಪಾಯಿ ಎತ್ತಿತು. ಮುಂದಿನ ತಿಂಗಳು ಇನ್ನೂ 8,000 ಕೋಟಿ. ಮೊದಲ ಹರಾಜಿನಲ್ಲಿ ಸಾಮಾನ್ಯ ಬಾಂಡ್‌ಗಿಂತ ಬಡ್ಡಿ ಐದಾರು ಬೇಸಿಸ್ ಪಾಯಿಂಟ್, ಅಂದರೆ ಶೇ 0.05-0.06ರಷ್ಟು ಕಡಿಮೆ ಬಿತ್ತು. ಮುಂದಿನ ವರ್ಷಗಳ ಹರಾಜಿನಲ್ಲಿ ಆ ಉತ್ಸಾಹ ಉಳಿಯಲಿಲ್ಲ. ರಿಸರ್ವ್ ಬ್ಯಾಂಕ್ 2023ರ ಜೂನ್ 1ರಿಂದ ಹಸಿರು ಠೇವಣಿಗಳಿಗೆ ನಿಯಮ ತಂದು, ಆ ಹಣ ಎಲ್ಲಿಗೆ ಹೋಯಿತೆಂದು ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕೆಂದಿತು.

ಹಸಿರು ಬಾಂಡಿನ ಬಡ್ಡಿಯಲ್ಲಿ ಸಿಕ್ಕ ಆ ರಿಯಾಯಿತಿಯನ್ನು ನಮ್ಮ ಭಾಗದ ಉದ್ಯಮಿಯ ಕಣ್ಣಿನಿಂದ ನೋಡಿ. ಒಂದು ಕೋಟಿ ಸಾಲಕ್ಕೆ ಐದು ಬೇಸಿಸ್ ಪಾಯಿಂಟ್ ಉಳಿತಾಯವೆಂದರೆ ವರ್ಷಕ್ಕೆ 5,000 ರೂಪಾಯಿ. ಶಹಾಪುರದ ಅಕ್ಕಿ ಗಿರಣಿಗೆ, ಜಿನ್ನಿಂಗ್ ಮಿಲ್ಲಿಗೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಅಡಮಾನಕ್ಕೆ ಆಸ್ತಿ ಇಲ್ಲದಿದ್ದರೂ ಸಾಲ ಹುಟ್ಟಬೇಕು, ತೀರಿಸಲು ಏಳೆಂಟು ವರ್ಷ ಸಿಗಬೇಕು, ದೊಡ್ಡ ಕಂಪನಿಯಿಂದ ಬರಬೇಕಾದ ಬಾಕಿ ಬೇಗ ಕೈಸೇರಬೇಕು: ಅವರ ಬೇಡಿಕೆ ಇಷ್ಟೇ. ಫಿನ್‌ಟೆಕ್‌ನ ನಿಜವಾದ ಬಲ ಇರುವುದೂ ಇಲ್ಲೇ.

ರಿಸರ್ವ್ ಬ್ಯಾಂಕ್ 2014ರಲ್ಲಿ ನಿಯಮ ರೂಪಿಸಿದ ಟ್ರೆಡ್ಸ್ ವೇದಿಕೆಯನ್ನೇ ತೆಗೆದುಕೊಳ್ಳಿ. ಸಣ್ಣ ಪೂರೈಕೆದಾರ ತನ್ನ ಬಿಲ್ಲನ್ನು ವೇದಿಕೆಗೆ ಹಾಕುತ್ತಾನೆ, ಖರೀದಿಸಿದ ಕಂಪನಿ ಒಪ್ಪುತ್ತದೆ, ಬ್ಯಾಂಕುಗಳು ಆ ಬಿಲ್ಲಿಗೆ ಪೈಪೋಟಿಯಲ್ಲಿ ಬಡ್ಡಿ ದರ ಕೂಗುತ್ತವೆ, ಹಣ ಕೆಲವೇ ದಿನಗಳಲ್ಲಿ ಖಾತೆಗೆ ಬೀಳುತ್ತದೆ. ವಾರ್ಷಿಕ ವಹಿವಾಟು 250 ಕೋಟಿ ದಾಟಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಸೇರಬೇಕೆಂದು ಕೇಂದ್ರ ಸರ್ಕಾರ ಆದೇಶಿಸಿತು. ಇದೇ ವೇದಿಕೆಯಲ್ಲಿ ಬಿಲ್ಲಿನ ಜೊತೆಗೆ ಪೂರೈಕೆದಾರನ ಇಂಧನದ ಲೆಕ್ಕವೂ ಬಂದರೆ, ಕಡಿಮೆ ಹೊಗೆಯಲ್ಲಿ ಮಾಡಿದ ಸರಕಿನ ಬಿಲ್ಲಿಗೆ ಕಡಿಮೆ ದರ ಕೂಗುವುದು ಕಷ್ಟವೇನಲ್ಲ. ಖರೀದಿಸಿದ ಕಂಪನಿಗೂ ತನ್ನ ಮೂರನೇ ಸುತ್ತಿನ ಲೆಕ್ಕ ತುಂಬಲು ನಿಜವಾದ ಅಂಕಿ ಸಿಗುತ್ತದೆ.

ವಿದ್ಯುತ್ ಖರೀದಿಯಲ್ಲೂ ದಾರಿ ತೆರೆದಿದೆ. ಇಂಧನ ವಿನಿಮಯ ಕೇಂದ್ರದಲ್ಲಿ 2020ರ ಆಗಸ್ಟ್‌ನಿಂದ ಹಸಿರು ವಿದ್ಯುತ್ತಿಗೆ ಬೇರೆಯೇ ಮಾರುಕಟ್ಟೆ ಇದೆ. 2022ರ ಕೇಂದ್ರದ ನಿಯಮದ ಪ್ರಕಾರ 100 ಕಿಲೊವ್ಯಾಟ್ ಬೇಡಿಕೆಯ ಗ್ರಾಹಕರೂ ಮುಕ್ತ ಪ್ರವೇಶದಲ್ಲಿ, ಅಂದರೆ ಸ್ಥಳೀಯ ವಿದ್ಯುತ್ ಕಂಪನಿಯನ್ನು ಬಿಟ್ಟು ಬೇರೆಯವರಿಂದ, ಹಸಿರು ವಿದ್ಯುತ್ ಕೊಳ್ಳಬಹುದು. ಪಾವಗಡದಲ್ಲಿ 2,000 ಮೆಗಾವ್ಯಾಟ್‌ಗೂ ಮಿಗಿಲಾದ ಸೌರ ಪಾರ್ಕ್ ಇರುವ ರಾಜ್ಯ ನಮ್ಮದು. ಬಿಸಿಲಿಗೆ ಹೆಸರಾದ ಯಾದಗಿರಿಯ ಕಾರ್ಖಾನೆಗೆ ಹಸಿರು ವಿದ್ಯುತ್ ಸಿಗುವುದಿಲ್ಲ ಎನ್ನುವಂತಿಲ್ಲ.

ಕ್ರೆಡಿಟ್ ಮಾರುಕಟ್ಟೆಯ ಪಾಠ

ಉಳಿದ ಹೊಗೆಗೆ ಕ್ರೆಡಿಟ್ ಕೊಳ್ಳುವ ವಿಷಯಕ್ಕೆ ಬರೋಣ. ಕರ್ನಾಟಕಕ್ಕೆ ಇದು ಹೊಸದಲ್ಲ. ಬಾಗೇಪಲ್ಲಿಯ ಕೂಲಿ ಸಂಘ ಕ್ಯೋಟೊ ಒಪ್ಪಂದದ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ 5,500 ಮನೆ ಬಯೊಗ್ಯಾಸ್ ಘಟಕಗಳ ಯೋಜನೆಯನ್ನು 2005ರಲ್ಲೇ ನೋಂದಾಯಿಸಿತ್ತು. ಬಡ ಕುಟುಂಬದ ಅಡುಗೆ ಮನೆಯಲ್ಲಿ ತಪ್ಪಿದ ಹೊಗೆ ವಿದೇಶದಲ್ಲಿ ಬೆಲೆ ಬಾಳುವ ಪ್ರಮಾಣಪತ್ರವಾಯಿತು. ಒಲೆ ಉರಿಯುವುದು ಕಣ್ಣಿಗೆ ಕಾಣುತ್ತದೆ, ಎಣಿಸಬಹುದು, ಹೋಗಿ ನೋಡಬಹುದು. ಇದಕ್ಕೆ ವಿರುದ್ಧವಾಗಿ, ವೆರಾ ಸಂಸ್ಥೆ ಪ್ರಮಾಣೀಕರಿಸಿದ ಮಳೆಕಾಡು ಕ್ರೆಡಿಟ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ನಿಜವಾದ ಕಡಿತವನ್ನು ಪ್ರತಿನಿಧಿಸುವುದಿಲ್ಲ ಎಂದು 2023ರ ಜನವರಿಯಲ್ಲಿ ಗಾರ್ಡಿಯನ್ ಪತ್ರಿಕೆಯ ತನಿಖಾ ವರದಿ ಹೇಳಿತು. ವೆರಾ ಅದನ್ನು ಒಪ್ಪಲಿಲ್ಲ. ಮಾರುಕಟ್ಟೆಯ ನಂಬಿಕೆಗೆ ಮಾತ್ರ ದೊಡ್ಡ ಪೆಟ್ಟು ಬಿತ್ತು. ಬ್ಲಾಕ್‌ಚೈನ್ ಒಂದೇ ಕ್ರೆಡಿಟ್ಟನ್ನು ಎರಡು ಬಾರಿ ಮಾರದಂತೆ ತಡೆಯಬಲ್ಲದು. ಆ ಕಾಡು ನಿಜಕ್ಕೂ ಉಳಿಯಿತೇ ಎಂದು ಹೇಳುವುದು ಅದರ ಕೈಯಲ್ಲಿಲ್ಲ.

ನಮ್ಮ ದೇಶದ ಮಾರುಕಟ್ಟೆ ಈಗ ರೂಪುಗೊಳ್ಳುತ್ತಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಯಿತು, 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆಯ ಅಧಿಸೂಚನೆ ಬಂತು, 2025ರ ಅಕ್ಟೋಬರ್‌ನಲ್ಲಿ ಸಿಮೆಂಟ್, ಅಲ್ಯುಮಿನಿಯಂ, ಕ್ಲೋರ್-ಆಲ್ಕಲಿ, ಕಾಗದ ಉದ್ಯಮಗಳಿಗೆ ಗುರಿ ನಿಗದಿಯಾಯಿತು. ಗುರಿ ಮೀರಿ ಹೊಗೆ ಇಳಿಸಿದವರಿಗೆ ಕ್ರೆಡಿಟ್ ಸಿಗುತ್ತದೆ, ಹಿಂದೆ ಬಿದ್ದವರು ಕೊಳ್ಳಬೇಕು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಇದರ ವ್ಯಾಪ್ತಿಗೆ ಬರುತ್ತದೆ. ಕಡೇಚೂರಿನ ಔಷಧ ಘಟಕಗಳಿಗೆ ಈ ಗುರಿ ಇಲ್ಲ. ಯುರೋಪಿನ ಗಡಿ ಇಂಗಾಲ ತೆರಿಗೆಯೂ 2026ರ ಜನವರಿಯಿಂದ ಉಕ್ಕು, ಸಿಮೆಂಟ್, ಅಲ್ಯುಮಿನಿಯಂ, ರಸಗೊಬ್ಬರಗಳಂಥ ಸರಕಿಗಷ್ಟೇ, ಔಷಧಕ್ಕಿಲ್ಲ. ಕಡೇಚೂರಿನ ಮೇಲೆ ಈ ಎರಡು ಒತ್ತಡಗಳೂ ಇನ್ನೂ ಬಿದ್ದಿಲ್ಲ.

ಕಂಪನಿಯ ಮೌಲ್ಯ ಏರುತ್ತದೆಯೇ?

ಈ ಪ್ರಶ್ನೆಗೆ ಸಂಶೋಧನೆ ಕೊಡುವ ಉತ್ತರ ಪ್ರಚಾರದ ಮಾತಿನಷ್ಟು ನೇರವಲ್ಲ. 2015ರಲ್ಲಿ ಫ್ರೀಡ, ಬುಷ್, ಬಾಸೆನ್ ಎಂಬ ಮೂವರು 2,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಪರಿಸರ, ಸಮಾಜ, ಆಡಳಿತದ ಕಾಳಜಿಯಿಂದ ಕಂಪನಿಯ ಆರ್ಥಿಕ ಸಾಧನೆಗೆ ನಷ್ಟವಿಲ್ಲ ಎಂದು ಸುಮಾರು ಶೇ 90ರಷ್ಟು ಅಧ್ಯಯನಗಳು ಹೇಳಿದ್ದವು. ಆದರೆ ಲಾಭದಲ್ಲಿರುವ ಕಂಪನಿಗೆ ಪರಿಸರದ ಮೇಲೆ ಖರ್ಚು ಮಾಡಲು ಕೈ ಸಡಿಲವಿರುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. ಬೋಲ್ಟನ್ ಮತ್ತು ಕಾಸ್‌ಪರ್‌ಚಿಕ್ 2021ರಲ್ಲಿ ಅಮೆರಿಕದ ಷೇರುಗಳನ್ನು ಪರಿಶೀಲಿಸಿ, ಹೆಚ್ಚು ಇಂಗಾಲ ಬಿಡುವ ಕಂಪನಿಗಳಿಂದ ಹೂಡಿಕೆದಾರರು ಹೆಚ್ಚು ಪ್ರತಿಫಲ ಕೇಳುತ್ತಾರೆ ಎಂದು ತೋರಿಸಿದರು. ಆ ಹೊಗೆಯಲ್ಲಿ ನಾಳೆಯ ಅಪಾಯವಿದೆ ಎಂದು ಮಾರುಕಟ್ಟೆ ಗ್ರಹಿಸುತ್ತದೆ ಎಂದು ಇದರ ಅರ್ಥ. ಅಂಥ ಕಂಪನಿಗೆ ಬಂಡವಾಳ ದುಬಾರಿಯಾಗುತ್ತದೆ, ಇಂದಿನ ಮೌಲ್ಯ ಅಷ್ಟು ತಗ್ಗುತ್ತದೆ.

ಚೀನಾದಲ್ಲಿ ಡಿಜಿಟಲ್ ಹಣಕಾಸಿನ ಮೇಲೆ ಬಂದಷ್ಟು ಅಧ್ಯಯನಗಳು ಬೇರೆಡೆ ಕಡಿಮೆ. ಪೀಕಿಂಗ್ ವಿಶ್ವವಿದ್ಯಾಲಯ 2011ರಿಂದೀಚಿನ ಊರೂರಿನ ಡಿಜಿಟಲ್ ಹಣಕಾಸಿನ ಹರಹನ್ನು ಅಳೆಯುವ ಸೂಚ್ಯಂಕ ತಯಾರಿಸಿದ್ದು ಇದಕ್ಕೆ ಅನುಕೂಲವಾಯಿತು. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಫಲಿತಾಂಶ ಒಂದು: ಡಿಜಿಟಲ್ ಹಣಕಾಸು ಬೆಳೆದ ಕಡೆ, ಬ್ಯಾಂಕಿನ ಬಾಗಿಲು ಅಷ್ಟಾಗಿ ತೆರೆಯದಿದ್ದ ಖಾಸಗಿ ಕಂಪನಿಗಳಿಗೆ ಸಾಲದ ಬಿಗಿ ಸಡಿಲಗೊಂಡು, ಹಸಿರು ತಂತ್ರಜ್ಞಾನಕ್ಕೆ ಹಣ ಹಾಕಲು ಅನುವಾಯಿತು. ಸಣ್ಣ ಉದ್ಯಮಕ್ಕೆ ರಿಯಾಯಿತಿಗಿಂತ ಸಾಲ ಸಿಗುವುದೇ ಮುಖ್ಯ ಎಂಬ ಮೇಲಿನ ಮಾತಿಗೆ ಇದು ಹೊಂದುತ್ತದೆ.

ಕಂಪನಿಗಳ ಪರಿಸರ, ಸಮಾಜ, ಆಡಳಿತದ ಸಾಧನೆಗೆ ಅಂಕ ಕೊಡುವವರಲ್ಲೇ ಒಮ್ಮತವಿಲ್ಲ ಎಂಬುದನ್ನೂ ನೆನಪಿಡಬೇಕು. 2022ರಲ್ಲಿ ಪ್ರಕಟವಾದ ಬರ್ಗ್, ಕೋಲ್ಬೆಲ್, ರಿಗೊಬೊನ್ ಅವರ ಅಧ್ಯಯನ ಆರು ರೇಟಿಂಗ್ ಸಂಸ್ಥೆಗಳ ಅಂಕಗಳನ್ನು ಹೋಲಿಸಿದಾಗ ಅವುಗಳ ನಡುವಿನ ಸರಾಸರಿ ಹೊಂದಾಣಿಕೆ 0.54 ಮಾತ್ರ ಇತ್ತು. ಒಂದೇ ಕಂಪನಿ ಒಬ್ಬರ ಕಣ್ಣಿಗೆ ಹಸಿರು, ಇನ್ನೊಬ್ಬರ ಕಣ್ಣಿಗೆ ಬೂದು. ಭಿನ್ನತೆಯ ದೊಡ್ಡ ಕಾರಣ ಅಳತೆಯಲ್ಲಿದೆ ಎಂದು ಆ ಅಧ್ಯಯನವೇ ಹೇಳಿತು.

ಕೆಲವು ಕಂಪನಿಗಳು ಹೊರಗಿನ ಅಂಕಕ್ಕೆ ಕಾಯದೆ ತಮ್ಮೊಳಗೇ ಇಂಗಾಲಕ್ಕೆ ಬೆಲೆ ಕಟ್ಟಿವೆ. ಮಹೀಂದ್ರಾ 2016ರಲ್ಲಿ ಟನ್ನಿಗೆ 10 ಡಾಲರ್ ಎಂದು ನಿಗದಿ ಮಾಡಿತು. ಹೊಸ ಯಂತ್ರ ಕೊಳ್ಳುವಾಗ ಆ ಬೆಲೆಯೂ ಲೆಕ್ಕಕ್ಕೆ ಬರುವುದರಿಂದ, ಹೆಚ್ಚು ಹೊಗೆಯ ಯಂತ್ರ ದುಬಾರಿಯಾಗಿ ಕಾಣುತ್ತದೆ. ವರದಿಗೆಂದು ಬರೆದ ಅಂಕಿಗಿಂತ ಖರೀದಿ ವಿಭಾಗದ ಮೇಜಿಗೆ ಬಂದ ಅಂಕಿ ಹೆಚ್ಚು ಕೆಲಸ ಮಾಡುತ್ತದೆ.

ಇಂಗಾಲದ ಲೆಕ್ಕಕ್ಕೆ ಸಿಗದ ವಾಸನೆ

ಕಡೇಚೂರಿನ ಕಷ್ಟ ಇನ್ನೂ ಒಂದು ಹೆಜ್ಜೆ ಆಳಕ್ಕಿದೆ. ಕಲ್ಲಿದ್ದಲಿನ ಬಾಯ್ಲರ್ ತೆಗೆದು ಭತ್ತದ ಹೊಟ್ಟು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯಿಂದ ಮಾಡಿದ ಇಂಧನದ ಇಟ್ಟಿಗೆ (ಬ್ರಿಕೆಟ್) ಉರಿಸಿದರೆ ಇಂಗಾಲದ ಲೆಕ್ಕದಲ್ಲಿ ಹೊಗೆ ಬಹುತೇಕ ಸೊನ್ನೆಯಾಗುತ್ತದೆ. ಬೆಳೆ ಗಾಳಿಯಿಂದ ಹೀರಿದ್ದೇ ಮರಳಿ ಗಾಳಿಗೆ ಹೋಯಿತೆಂದು ಅದನ್ನು ಬೇರೆ ಎಣಿಸುತ್ತಾರೆ. ನಮ್ಮ ಭಾಗದ ರೈತರಿಗೂ ಹೊಲದಲ್ಲಿ ಸುಟ್ಟುಹಾಕುವ ಕಟ್ಟಿಗೆಗೆ ನಾಲ್ಕು ಕಾಸು ಬರುತ್ತದೆ. ಒಳ್ಳೆಯ ಬದಲಾವಣೆಯೇ. ಆದರೆ ಚಿಮಣಿಗೆ ಸರಿಯಾದ ಬ್ಯಾಗ್ ಫಿಲ್ಟರ್ ಹಾಕದಿದ್ದರೆ ಹೊಟ್ಟಿನ ಬೂದಿ ಪಕ್ಕದ ಹತ್ತಿ ಹೊಲದ ಮೇಲೆ, ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದೆ. ಬ್ಯಾಂಕಿನ ಕಡತದಲ್ಲಿ ಆ ಕಾರ್ಖಾನೆ ಹಸಿರಾಗಿರುತ್ತದೆ, ಊರಿನಲ್ಲಿ ಕಪ್ಪಾಗಿರುತ್ತದೆ.

ದುರ್ವಾಸನೆಯದೂ ಇದೇ ಕತೆ. ಔಷಧದ ಮೂಲವಸ್ತು ತಯಾರಿಸುವ ಉದ್ಯಮದಲ್ಲಿ ಒಂದು ಕಿಲೊ ಸರಕಿಗೆ 25ರಿಂದ 100 ಕಿಲೊ, ಕೆಲವೊಮ್ಮೆ ಅದಕ್ಕೂ ಹೆಚ್ಚು ತ್ಯಾಜ್ಯ ಹುಟ್ಟುತ್ತದೆ ಎಂದು ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲೇ ಲೆಕ್ಕ ಕೊಟ್ಟಿದ್ದರು. ಅದರಲ್ಲಿ ದೊಡ್ಡ ಪಾಲು ರಾಸಾಯನಿಕಗಳನ್ನು ಕರಗಿಸಲು ಬಳಸುವ ಸಾಲ್ವೆಂಟ್‌ಗಳದು. ಮರುಬಳಕೆಗೆ ಹಿಡಿಯದೆ ಬಿಟ್ಟ ಸಾಲ್ವೆಂಟ್ ಆವಿಯಾಗಿ ಮೂಗಿಗೆ ಬಡಿಯುತ್ತದೆ, ನೀರಿಗೂ ಸೇರುತ್ತದೆ. ಇಂಗಾಲ ತಟಸ್ಥತೆಯ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಬಿಆರ್‌ಎಸ್‌ಆರ್ ನಮೂನೆ ಇಂಥ ಆವಿಗಳ ಬಗ್ಗೆ ಕೇಳುತ್ತದೆ, ನಿಜ. ಆದರೆ ಇಡೀ ಕಂಪನಿಯ ಮೊತ್ತವನ್ನು ಕೇಳುತ್ತದೆ. ಹತ್ತು ಊರುಗಳಲ್ಲಿ ಕಾರ್ಖಾನೆ ಇರುವ ಕಂಪನಿಯ ಒಟ್ಟು ಅಂಕಿಯಲ್ಲಿ ಒಂದು ಊರಿನ ಸಂಕಟ ಕರಗಿಹೋಗುತ್ತದೆ. ಲಿಸ್ಟ್ ಆಗದ ಕಂಪನಿಗಂತೂ ಈ ವರದಿಯೇ ಬೇಕಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹೊಸ ತಂತ್ರಜ್ಞಾನ ಕಂಡುಹಿಡಿಯಬೇಕಾದ ಅಗತ್ಯವಿಲ್ಲ. ಇರುವುದನ್ನು ಜೋಡಿಸಿದರೆ ಸಾಕು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುವ ಚಿಮಣಿ ಮತ್ತು ತ್ಯಾಜ್ಯ ನೀರಿನ ಅಂಕಿಗಳು ಸಾಲ ಕೊಟ್ಟ ಬ್ಯಾಂಕಿಗೂ ಹೋಗಲಿ. ಹಸಿರು ಸಾಲವೆಂದು ರಿಯಾಯಿತಿ ಪಡೆದ ಕಾರ್ಖಾನೆ ಮಿತಿ ಮೀರಿದರೆ, ಅಲ್ಟ್ರಾಟೆಕ್ ಬಾಂಡಿನ ಷರತ್ತಿನಂತೆ, ಬಡ್ಡಿ ಏರಲಿ. ಇಂಗಾಲದ ಜೊತೆಗೆ ಬೂದಿ, ಸಾಲ್ವೆಂಟ್, ನೀರು ಮೂರನ್ನೂ ಒಪ್ಪಂದದಲ್ಲಿ ಸೇರಿಸಲಿ. ಅಂಕಿಗಳು ಘಟಕವಾರು ಇರಲಿ. ಕಡೇಚೂರು, ಬಾಡಿಯಾಳ ಗ್ರಾಮ ಪಂಚಾಯಿತಿಗಳ ಕಚೇರಿಯಲ್ಲಿ ಕನ್ನಡದಲ್ಲಿ, ದಿನದಿನವೂ ಕಾಣಲಿ. ಊರಿನ ದೂರು ದಾಖಲಾದರೆ ಅದಕ್ಕೊಂದು ಸಂಖ್ಯೆ ಬಿದ್ದು, ಬ್ಯಾಂಕಿನ ಕಡತದಲ್ಲೂ ಅದು ಸೇರಲಿ.

ಇದರಲ್ಲಿ ಕಂಪನಿಗೂ ಲಾಭವಿದೆ. ಸಾಲ್ವೆಂಟ್ ಹಿಡಿದು ಮರುಬಳಸಿದರೆ ಕಚ್ಚಾ ಸಾಮಗ್ರಿಯ ಖರ್ಚು ಉಳಿಯುತ್ತದೆ. ಊರಿನ ವಿರೋಧವಿಲ್ಲದ ಕಾರ್ಖಾನೆಗೆ ನೋಟಿಸಿನ ಭಯ, ಬೀಗ ಬೀಳುವ ಭಯ ಇರುವುದಿಲ್ಲ. ಆ ಭಯ ಎಷ್ಟು ಕಡಿಮೆಯೋ ಸಾಲದಾತನ ಲೆಕ್ಕದಲ್ಲಿ ಕಂಪನಿಯ ಮೌಲ್ಯ ಅಷ್ಟು ಹೆಚ್ಚು.

ಹಣಕಾಸು ತಂತ್ರಜ್ಞಾನ ತಾನಾಗಿ ಒಂದು ಹಿಡಿ ಹೊಗೆಯನ್ನೂ ಇಳಿಸುವುದಿಲ್ಲ. ಹೊಗೆ ಇಳಿಸಿದವರಿಗೆ ಹಣ ಬೇಗ ಸಿಗುವಂತೆ, ಇಳಿಸದವರಿಗೆ ಹಣ ದುಬಾರಿಯಾಗುವಂತೆ ಮಾಡುವುದೇ ಅದರ ಶಕ್ತಿ. ಆ ಶಕ್ತಿ ಸರಿಯಾದ ಕಡೆ ಬೀಳಬೇಕಾದರೆ ಅಳತೆ ನಿಜವಿರಬೇಕು. ಅಳತೆ ನಿಜವೆನ್ನಲು ಆ ಗಾಳಿಯನ್ನು ದಿನವೂ ಉಸಿರಾಡುವವರ ಕಣ್ಣಿಗೂ ಅದು ಬೀಳಬೇಕು. ಹೊಲ ಬಿಟ್ಟುಕೊಟ್ಟ ಕಡೇಚೂರಿನ ಜನರಿಗೆ ಆ ಅಂಕಿ ನೋಡುವ ಹಕ್ಕು ಬ್ಯಾಂಕಿಗಿಂತ, ಹೂಡಿಕೆದಾರನಿಗಿಂತ ಮೊದಲು ಸಲ್ಲಬೇಕು. ಕರ್ನಾಟಕ ಸರ್ಕಾರವೂ ಕೆಐಎಡಿಬಿಯೂ ಮನಸ್ಸು ಮಾಡಿದರೆ ಇದನ್ನು ಇದೇ ಕೈಗಾರಿಕಾ ಪ್ರದೇಶದಿಂದ ಶುರು ಮಾಡಬಹುದು.